ಓಗೊಡುವವರಿಲ್ಲದ ಮನೆ

ಇಂಗ್ಲಿಷ್ ಸಾಹಿತ್ಯದಲ್ಲಿ ಗಾಥಿಕ್ ಕಥೆಗಳೆಂದು ಹೆಸರಾದ ಒಂದು ಜಾತಿಯ ಕಾದಂಬರಿಗಳುಂಟು. ಪಾಳುಬಿದ್ದ ಕೋಟೆ, ನೆಲಮಾಳಿಗೆ, ಗಾಳಿಗೆ ಆರಿಹೋಗುವ ದೀಪ, ನಡುರಾತ್ರಿಯ ಹೆಜ್ಜೆಯ ಸಪ್ಪಳ, ಇವು ಅವುಗಳ ಸಾಮಗ್ರಿ. ವಿದ್ವಾಂಸರಲ್ಲಿ ಅನೇಕರು ಬಹುಕಾಲ ಇವನ್ನು ಹಗುರವಾಗಿಯೇ ಎಣಿಸಿದರು. ಆದರೆ ಈ ಕಥೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ ಒಂದು ಸಂಗತಿ ಗೋಚರವಾಗುತ್ತದೆ. ಭೂತವು ಕಾಣಿಸಿಕೊಳ್ಳುವುದಕ್ಕೆ ಬಹಳ ಮೊದಲೇ ಗ್ರಂಥಕರ್ತನು ಮತ್ತೊಂದು ಕೆಲಸವನ್ನು ಮುಗಿಸಿರುತ್ತಾನೆ. ಕಥೆಯ ವ್ಯಕ್ತಿಯನ್ನು ಉಳಿದ ಮನುಷ್ಯರಿಂದ ಬೇರ್ಪಡಿಸಿರುತ್ತಾನೆ. ಈ ಉಪಾಯವು ಕಾಲಕಾಲಕ್ಕೆ ಹೇಗೆ ಬದಲಾಯಿತೆಂಬುದೇ ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವ ವಿಷಯ.

ಏಕಾಂತವೆಂಬ ಮಾತನ್ನು ಇಲ್ಲಿ ನಾವು ಬಳಸುವುದಿಲ್ಲ. ಏಕಾಂತ ಋಷಿಗೆ ಬೇಕು, ಕವಿಗೆ ಬೇಕು, ಪರೀಕ್ಷೆ ಹತ್ತಿರ ಬಂದಾಗ ವಿದ್ಯಾರ್ಥಿಗೂ ಬೇಕು, ಸಾಕಾದಾಗ ಎದ್ದುಬರಬಹುದು. ಗಾಥಿಕ್ ಕಥೆಯಲ್ಲಿರುವುದು ಕೂಗಿದರೆ ಓಗೊಡುವವರಿಲ್ಲದ ಸ್ಥಿತಿ. ಮನೆಯ ತುಂಬ ಜನರಿದ್ದರೂ ಈ ಸ್ಥಿತಿ ಉಂಟಾಗಬಹುದೆಂಬುದನ್ನು ಮುಂದೆ ಕಾಣುವೆವು.

ಈ ಜಾತಿಯ ಮೊದಲ ಕಥೆ ಹೊರೇಸ್ ವಾಲ್‌ಪೋಲನ ‘ಒಟ್ರಾಂಟೋ ದುರ್ಗ’. ಇದು 1764ರ ಕೊನೆಯಲ್ಲಿ ಪ್ರಕಟವಾಯಿತು. ಮರುವರ್ಷದ ಎರಡನೆಯ ಮುದ್ರಣದಲ್ಲಿ ಗ್ರಂಥಕರ್ತನು ತಾನೇ ಇದನ್ನು ‘ಗಾಥಿಕ್ ಕಥೆ’ಯೆಂದು ಕರೆದನು. ಇದರಲ್ಲಿ ಇಸಬೆಲ್ಲಾ ಎಂಬ ಕನ್ಯೆ ನೆಲದೊಳಗಣ ಸುರಂಗದಲ್ಲಿ ಓಡುತ್ತಿರುವಾಗ ಕೈಯ ದೀಪ ಆರಿಹೋಗುತ್ತದೆ. ಆ ಒಂದು ಪ್ರಸಂಗವನ್ನು ಮುಂದಿನವರು ಎಷ್ಟು ಸಾರಿ ಎರವಲು ಪಡೆದರೋ ಲೆಕ್ಕವಿಲ್ಲ. ಆದರೆ ವಾಲ್‌ಪೋಲನ ಕೋಟೆಯಲ್ಲಿ ಸೇವಕರ ಗದ್ದಲವೇ ಹೆಚ್ಚು. ಓದುವವನಿಗೆ ಭಯಕ್ಕಿಂತ ವಿನೋದವೇ ಒದಗುತ್ತದೆ.

ಒಂಟಿತನದ ಮರ್ಮವನ್ನು ಚೆನ್ನಾಗಿ ತಿಳಿದವಳು ಆನ್ ರಾಡ್‌ಕ್ಲಿಫ್. ಆಕೆಯ ‘ಉಡಾಲ್ಫೋ ರಹಸ್ಯಗಳು’ 1794ರಲ್ಲಿ ಹೊರಬಂದಿತು. ತಂದೆತಾಯಿಗಳನ್ನು ಕಳೆದುಕೊಂಡ ಎಮಿಲಿಯು ಸೋದರತ್ತೆಯ ಆಶ್ರಯದಲ್ಲಿದ್ದಾಳೆ; ಆ ಅತ್ತೆಯು ಮಾಂಟೋನಿಯೆಂಬ ಇಟಲಿಯವನನ್ನು ಮದುವೆಯಾಗುತ್ತಾಳೆ; ಅವನು ಇಬ್ಬರನ್ನೂ ಅಪೆನೈನ್ ಪರ್ವತಗಳ ನಡುವಣ ತನ್ನ ಕೋಟೆಗೆ ಕರೆದೊಯ್ಯುತ್ತಾನೆ. ಬೆಟ್ಟದ ಮೇಲೆ ಬೆಟ್ಟ, ಕಾಡಿನ ಮೇಲೆ ಕಾಡು. ಹಿಂದಿರುಗುವ ದಾರಿ ಓದುವವನ ಮನಸ್ಸಿನಲ್ಲೇ ಅಳಿಸಿಹೋಗುತ್ತದೆ. ಎಮಿಲಿಗೆ ಕೊಟ್ಟ ಕೊಠಡಿಯಲ್ಲಿ ಎರಡನೆಯದೊಂದು ಬಾಗಿಲಿದೆ. ಅದಕ್ಕೆ ಅಗುಳಿಗಳಿರುವುದು ಹೊರಗಡೆ. ಒಳಗಡೆ ಒಂದೂ ಇಲ್ಲ. ಹೊರಗಿನವನು ಬೇಕಾದಾಗ ಬರಬಹುದು, ಒಳಗಿರುವವಳು ತಡೆಯಲಾರಳು. ನೂರು ಭೂತಗಳ ವರ್ಣನೆಗಿಂತ ಈ ಅಗುಳಿಯ ಸಂಗತಿ ನಮಗೆ ಹೆಚ್ಚು ಭಯಂಕರವಾಗಿ ತೋರುತ್ತದೆ.

ಈ ಕಥೆಯಲ್ಲಿ ದೆವ್ವವೆಂದು ತೋರಿದುದಕ್ಕೆಲ್ಲ ಕೊನೆಗೆ ಲೌಕಿಕವಾದ ಕಾರಣವೇ ದೊರೆಯುತ್ತದೆ. ಕರಿಯ ತೆರೆಯ ಹಿಂದೆ ಕಂಡು ಎಮಿಲಿಯು ಮೂರ್ಛೆಹೋದ ಹೆಣ ಮೇಣದ ಬೊಂಬೆ. ಹಾಗೆ ಕರಗಿಹೋಗದೆ ಉಳಿಯುವುದು ಒಂದೇ: ಹೆಂಡತಿಯ ಆಸ್ತಿಯನ್ನು ಬರೆಸಿಕೊಳ್ಳುವುದಕ್ಕಾಗಿ ಆಕೆಯನ್ನು ಬುರುಜಿನಲ್ಲಿ ಬಂಧಿಸಿದ ಗಂಡ. ಆಕೆ ರುಜುಹಾಕದೆ ಜ್ವರದಿಂದ ಸಾಯುತ್ತಾಳೆ. ಅನಂತರ ಅದೇ ಒತ್ತಾಯ ಎಮಿಲಿಯ ಮೇಲೆ ಬರುತ್ತದೆ. ರಾಡ್‌ಕ್ಲಿಫ್ ಕಥೆಯನ್ನು 1584ರ ಕಾಲಕ್ಕೆ ಒಯ್ದದ್ದು ನಿಜ. ಆದರೆ ಆಕೆಯ ಕಾಲದ ಇಂಗ್ಲೆಂಡಿನಲ್ಲಿಯೂ ವಿವಾಹವಾದ ಸ್ತ್ರೀಗೆ ನ್ಯಾಯಶಾಸ್ತ್ರದ ಕಣ್ಣಿನಲ್ಲಿ ಪ್ರತ್ಯೇಕ ವ್ಯಕ್ತಿತ್ವವೇ ಬಹುಮಟ್ಟಿಗೆ ಇರಲಿಲ್ಲ. ಆಸ್ತಿಯ ಹಕ್ಕು ದೊರೆತದ್ದು 1870 ಮತ್ತು 1882ರ ಶಾಸನಗಳಿಂದ. ಮೇರಿ ವುಲ್‌ಸ್ಟನ್‌ಕ್ರಾಫ್ಟಳು ಪೂರ್ತಿಮಾಡದೆ ಬಿಟ್ಟು, 1798ರಲ್ಲಿ ಆಕೆಯ ಮರಣಾನಂತರ ಪ್ರಕಟವಾದ ಕಾದಂಬರಿಯಲ್ಲಿ ಕೋಟೆಯೂ ಇಲ್ಲ, ಭೂತವೂ ಇಲ್ಲ. ಅಲ್ಲಿ ಗಂಡನು ಹೆಂಡತಿಯನ್ನು ಖಾಸಗಿ ಹುಚ್ಚಾಸ್ಪತ್ರೆಯೊಂದಕ್ಕೆ ಸೇರಿಸಿಬಿಡುತ್ತಾನೆ. ಹುಚ್ಚಿಯೆಂದು ಹೆಸರಿಟ್ಟಮೇಲೆ ಆಕೆಯ ಕೂಗಿಗೆ ಯಾರು ತಾನೆ ಓಗೊಟ್ಟಾರು? ಬೆಟ್ಟಕಾಡುಗಳ ಖರ್ಚಿಲ್ಲದೆ ಉಡಾಲ್ಫೋ ಅಲ್ಲಿಯೇ ನಿರ್ಮಾಣವಾಯಿತು.

ಹತ್ತೊಂಬತ್ತನೆಯ ಶತಮಾನ ಗ್ರಂಥಕರ್ತರಿಗೆ ಹೊಸ ತೊಡಕನ್ನು ತಂದಿತು. 1830ರಲ್ಲಿ ಲಿವರ್‌ಪೂಲಿನಿಂದ ಮ್ಯಾಂಚೆಸ್ಟರಿಗೆ ರೈಲು ಓಡಿತು. 1840ರಲ್ಲಿ ಒಂದು ಪೆನ್ನಿಗೆ ಕಾಗದ ದೇಶದ ಯಾವ ಮೂಲೆಗಾದರೂ ಹೋಗುವಂತಾಯಿತು. ಅನಂತರ ತಂತಿ ಬಂದಿತು. ಊರು ದೂರವೆಂದರೆ ನಂಬುವವರು ಯಾರು? ಐರ್ಲೆಂಡಿನ ಲೆ ಫ್ಯಾನು ತನ್ನ ‘ಕಾರ್ಮಿಲಾ’ ಕಥೆಯನ್ನು ಆಸ್ಟ್ರಿಯಾದ ಸ್ಟಿರಿಯಾ ಪ್ರಾಂತಕ್ಕೆ ಒಯ್ದು, ಜನವಸತಿಯುಳ್ಳ ಹಳ್ಳಿ ಏಳು ಮೈಲಿ ದೂರವೆಂದು ಅಳೆದೇ ಹೇಳಿದನು.

ಬ್ರಾಮ್ ಸ್ಟೋಕರನ ಯುಕ್ತಿ ಇದಕ್ಕಿಂತ ಜಾಣತನದ್ದು. 1897ರ ‘ಡ್ರಾಕುಲಾ’ದಲ್ಲಿ ಕೌಂಟನು ರೈಲನ್ನರಿಯದ ಕಾಡುಮನುಷ್ಯನಲ್ಲ, ಸೋಫಾದ ಮೇಲೆ ಮಲಗಿ ಇಂಗ್ಲೆಂಡಿನ ರೈಲ್ವೆ ವೇಳಾಪಟ್ಟಿಯನ್ನು ಓದುತ್ತಿರುತ್ತಾನೆ. ಅತಿಥಿಯಾಗಿ ಬಂದ ವಕೀಲ ಹಾರ್ಕರನಿಂದ ಮೂರು ಕಾಗದಗಳನ್ನು ಮುಂಚಿತವಾಗಿಯೇ ಬರೆಸುತ್ತಾನೆ. ಕೆಲಸ ಮುಗಿಯುತ್ತ ಬಂತೆಂದು ಒಂದು, ನಾಳೆ ಹೊರಡುವೆನೆಂದು ಒಂದು, ಕೋಟೆಯನ್ನು ಬಿಟ್ಟು ಬಿಸ್ಟ್ರಿಟ್ಸಿಗೆ ತಲಪಿದೆನೆಂದು ಮತ್ತೊಂದು. ತಾರೀಖುಗಳು ಜೂನ್ 12, 19, 29. ತನ್ನ ಆಯುಸ್ಸಿನ ಕೊನೆಯ ದಿನ ಯಾವುದೆಂಬುದು ಹಾರ್ಕರನಿಗೆ ಆಗಲೇ ಗೊತ್ತಾಗುತ್ತದೆ. ಊರಿನಲ್ಲಿರುವವರಿಗೆ ಕಾಗದ ತಪ್ಪದೆ ಮುಟ್ಟುವುದು, ಅವರು ನಿಶ್ಚಿಂತರಾಗಿರುವರು. ಜನರನ್ನು ಕೂಡಿಸುವುದಕ್ಕಾಗಿ ಹುಟ್ಟಿದ ಅಂಚೆಯೇ ಇಲ್ಲಿ ಹೊರಗಡೆಯ ಅಗುಳಿಯಾಯಿತು.

ಮರುವರ್ಷ, 1898ರಲ್ಲಿ, ಹೆನ್ರಿ ಜೇಮ್ಸ್ ಪ್ರಕಟಿಸಿದ ‘ತಿರುಪಿನ ತಿರುವು’ ಎಂಬ ನೀಳ್ಗತೆಯಲ್ಲಿ ಬೀಗವೂ ಬೇಕಾಗಲಿಲ್ಲ. (ಇದನ್ನು ಓದದವರು ಹಗಲಿನಲ್ಲಿ ಓದುವುದು ಲೇಸು.) ಬ್ಲೈ ಎಂಬ ಹಳ್ಳಿಯ ಬಂಗಲೆ, ಇಬ್ಬರು ಮಕ್ಕಳು, ಮನೆವಾರ್ತೆಯ ಹೆಂಗಸು, ಆಳುಕಾಳುಗಳು. ಪಾಠ ಹೇಳಲು ಬಂದ ತರುಣಿಗೆ ಲಂಡನ್ನಿನ ಯಜಮಾನನು ವಿಧಿಸಿದ ಷರತ್ತು ಒಂದೇ: ಏನೇ ಆದರೂ ತನಗೆ ತೊಂದರೆ ಕೊಡಕೂಡದು, ಬರೆಯಕೂಡದು. ಆಕೆ ಒಪ್ಪಿ ಬಂದಿದ್ದಾಳೆ. ಆ ಕಾಲದ ಇಂತಹ ಉಪಾಧ್ಯಾಯಿನಿಯರು ಯಜಮಾನರ ಪಂಕ್ತಿಗೂ ಸೇರದೆ ಆಳುಗಳ ಪಂಕ್ತಿಗೂ ಸೇರದೆ ಇದ್ದವರೆಂಬುದನ್ನು ನೆನಪಿನಲ್ಲಿಡಬೇಕು. ಕೊನೆಗೆ ಮಾತು ಮುರಿದು ಬರೆದ ಕಾಗದವೂ ಅಂಚೆಗೆ ಹೋಗುವುದಿಲ್ಲ. ಹುಡುಗನೇ ಅದನ್ನು ತೆಗೆದುಬಿಡುತ್ತಾನೆ. ಕೆರೆಯ ಆಚೆಯ ದಡದಲ್ಲಿ ಸತ್ತವಳ ರೂಪ ನಿಂತಿದೆಯೆಂದು ಆಕೆ ಕೈತೋರಿಸುವಾಗ ಪಕ್ಕದಲ್ಲಿಯೇ ನಿಂತ ಮನೆವಾರ್ತೆಯವಳಿಗೆ ಏನೂ ಕಾಣಿಸುವುದಿಲ್ಲ. ಇದು ಭೂತವೋ ಆಕೆಯ ಮನೋವಿಕಾರವೋ ಎಂದು ವಿಮರ್ಶಕರು ವಾದಿಸುತ್ತ ಬಂದಿದ್ದಾರೆ. 1934ರಲ್ಲಿ ಎಡ್ಮಂಡ್ ವಿಲ್ಸನ್ ಎರಡನೆಯ ಪಕ್ಷವನ್ನು ಹಿಡಿದು ಬರೆದ ಪ್ರಬಂಧ ಪ್ರಸಿದ್ಧವಾದುದು. ನಮಗಾದರೋ ಈ ವಾದ ಮುಖ್ಯವೆಂದು ತೋರುವುದಿಲ್ಲ. ಭೂತವಿದ್ದರೂ ಇಲ್ಲದಿದ್ದರೂ, ಆ ಕೆರೆಯ ದಡದಲ್ಲಿ ಆಕೆ ನಿಂತ ಸ್ಥಿತಿ ಒಂದೇ.

ಸುಸಾನ್ ಹಿಲ್ 1983ರಲ್ಲಿ ಬರೆದ ‘ಕಪ್ಪುಡುಗೆಯ ಹೆಂಗಸು’ ಈ ಉಪಾಯಗಳಲ್ಲಿ ಹಲವನ್ನು ಒಂದೆಡೆ ಕೂಡಿಸಿಕೊಂಡಿದೆ. ಕಿಪ್ಸ್ ಎಂಬ ತರುಣ ವಕೀಲನು ಮೃತಳೊಬ್ಬಳ ಕಾಗದಪತ್ರಗಳನ್ನು ಪರಿಶೀಲಿಸಲು ಜೌಗುನೆಲದ ನಡುವಣ ಮನೆಗೆ ಹೋಗುತ್ತಾನೆ. ಅಲ್ಲಿಗಿರುವ ದಾರಿ ಸಮುದ್ರದ ಉಬ್ಬರದಲ್ಲಿ ಮುಳುಗಿಹೋಗುತ್ತದೆ. ಊರಿನ ಜನ ಆ ಮನೆಯ ಹೆಸರೆತ್ತಿದರೆ ಮಾತು ನಿಲ್ಲಿಸುತ್ತಾರೆ. ಆದರೂ ಹಿಲ್ ಅವನಿಗೆ ಒಂದು ದಯೆ ತೋರಿಸಿದ್ದಾಳೆ. ಆ ಊರಿನ ಗೃಹಸ್ಥನೊಬ್ಬನು ಜೊತೆಗಿರಲೆಂದು ತನ್ನ ನಾಯಿಯನ್ನು ಕೊಟ್ಟು ಕಳುಹಿಸುತ್ತಾನೆ. ರಾತ್ರಿ ಮುಚ್ಚಿದ ಕೊಠಡಿಯೊಂದರಿಂದ ಸದ್ದು ಬಂದಾಗ ನಾಯಿಯ ಮೈಗೂದಲು ನಿಮಿರಿ ನಿಲ್ಲುತ್ತದೆ, ಅದು ಗುರುಗುಟ್ಟುತ್ತದೆ. ಅವನಿಗೆ ಕೇಳಿದ್ದು ಅದಕ್ಕೂ ಕೇಳಿದೆ.