ವಿದ್ಯುನ್ಮಾನ ಬೀಗ: ಖರೀದಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಕಚೇರಿ, ಆಸ್ಪತ್ರೆ ಹಾಗೂ ವಸತಿ ಸಮುಚ್ಚಯಗಳಲ್ಲಿ ಕೀಲಿಕೈಯ ಸ್ಥಾನವನ್ನು ಕಾರ್ಡು ಮತ್ತು ಬೆರಳಚ್ಚು ಯಂತ್ರಗಳು ಆಕ್ರಮಿಸಿವೆ. ಇವನ್ನು ಕೊಳ್ಳುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಬೆಲೆಯನ್ನು. ಆದರೆ ಮೊದಲು ಕೇಳಬೇಕಾದದ್ದು, ವಿದ್ಯುತ್ ನಿಂತಾಗ ಅಥವಾ ಬೆಂಕಿ ಬಿದ್ದಾಗ ಬಾಗಿಲು ಏನಾಗುತ್ತದೆ ಎಂಬುದನ್ನು.

ಬೀಗ: ವಿದ್ಯುತ್ ನಿಂತೊಡನೆ ತೆರೆದುಕೊಳ್ಳುವ ಬೀಗಕ್ಕೆ 'ಫೇಲ್ ಸೇಫ್' ಎಂದೂ, ಹೊರಗಿನವರಿಗೆ ಮುಚ್ಚಿಯೇ ಉಳಿಯುವ ಬೀಗಕ್ಕೆ 'ಫೇಲ್ ಸೆಕ್ಯೂರ್' ಎಂದೂ ಹೆಸರು. ಗಾಜಿನ ಬಾಗಿಲುಗಳಲ್ಲಿ ಕಾಣಸಿಗುವ ಮ್ಯಾಗ್ನೆಟಿಕ್ ಲಾಕ್ ಮೊದಲನೆಯ ಬಗೆಯದು. 600 ಪೌಂಡ್, ಅಂದರೆ ಸುಮಾರು 270 ಕಿಲೋ ಹಿಡಿತಬಲದ ಬೀಗ ಒಳಬಾಗಿಲುಗಳಿಗೆ ಸಾಕು. ಮುಖ್ಯದ್ವಾರಕ್ಕೆ 1200 ಪೌಂಡಿನದು ಸೂಕ್ತ.

ಬ್ಯಾಟರಿ: 12 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಬಳಸುವ ಬೀಗಕ್ಕೆ 7 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದಂತೆ 14 ಗಂಟೆ ಬರಬೇಕು. ಉಳಿದ ಉಪಕರಣಗಳೂ ಅದನ್ನೇ ಬಳಸಿದರೆ ಅವಧಿ ಕಡಿಮೆಯಾಗುತ್ತದೆ. ಅಪಾಯ ಅಡಗಿರುವುದೂ ಇಲ್ಲಿಯೇ. ಬ್ಯಾಟರಿ ಇರುವವರೆಗೆ 'ಫೇಲ್ ಸೇಫ್' ಬೀಗವೂ ತೆರೆಯದು. ಆದ್ದರಿಂದ ಅಗ್ನಿ ಎಚ್ಚರಿಕೆ ವ್ಯವಸ್ಥೆ ಹಾಗೂ ಬಾಗಿಲ ಬಳಿಯ ತುರ್ತು ಗುಂಡಿ, ಬ್ಯಾಟರಿಯೂ ಸೇರಿದಂತೆ ಬೀಗಕ್ಕೆ ಹೋಗುವ ವಿದ್ಯುತ್ತನ್ನೇ ನೇರವಾಗಿ ಕಡಿಯುವಂತಿರಬೇಕು. ನಿರ್ಗಮನ ದ್ವಾರವನ್ನು ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಬೇಕೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ.

ಕಾರ್ಡು: ಹಳೆಯ 125 ಕಿಲೋಹರ್ಟ್ಸ್ ಕಾರ್ಡುಗಳಲ್ಲಿ ಅನೇಕವು ತಮ್ಮ ಸಂಖ್ಯೆಯನ್ನು ಗೂಢಲಿಪಿಯಿಲ್ಲದೆ ಪ್ರಸಾರ ಮಾಡುತ್ತವೆ, ಅಗ್ಗದ ಯಂತ್ರದಿಂದ ಅವುಗಳ ನಕಲು ಸಾಧ್ಯ. ಮೈಫೇರ್ ಕ್ಲಾಸಿಕ್ ಕಾರ್ಡಿನ ಗೂಢಲಿಪಿಯನ್ನು ಸಂಶೋಧಕರು 2008ರಲ್ಲೇ ಭೇದಿಸಿದರು. ಹೊಸದಾಗಿ ಕೊಳ್ಳುವವರು ಎಇಎಸ್ ಗೂಢಲಿಪಿಯುಳ್ಳ ಡೆಸ್‌ಫೈರ್‌ನಂತಹ ಕಾರ್ಡುಗಳನ್ನು ಕೇಳುವುದು ಲೇಸು.

ನಿಯಂತ್ರಕ: ಬೀಗ ತೆರೆಯುವ ರಿಲೇ ಹೊರಗೋಡೆಯ ಯಂತ್ರದೊಳಗೇ ಇದ್ದರೆ, ಅದನ್ನು ಕಿತ್ತು ತಂತಿಗಳ ಮೂಲಕ ಬಾಗಿಲು ತೆರೆಯಬಹುದು. ರೀಡರ್ ಹೊರಗಿರಲಿ, ನಿಯಂತ್ರಕ ಒಳಗಿರಲಿ. ಇವೆರಡರ ನಡುವೆ ಬಹುಕಾಲದಿಂದ ಬಳಕೆಯಲ್ಲಿರುವ ವೀಗಂಡ್ ಸಂಪರ್ಕಕ್ಕೆ ಗೂಢಲಿಪಿಯ ರಕ್ಷಣೆಯಿಲ್ಲ. 2020ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಓಎಸ್‌ಡಿಪಿಯಲ್ಲಿ ಆ ಸೌಲಭ್ಯವಿದೆ. ಅಳವಡಿಸುವವರು ಅದನ್ನು ಚಾಲನೆಗೊಳಿಸಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಬೆರಳಚ್ಚು: ಗಾರೆ ಕೆಲಸ, ಪಾತ್ರೆ ತೊಳೆಯುವ ಕೆಲಸ ಮಾಡುವವರ ಬೆರಳ ಗೆರೆಗಳು ಸವೆದಿರುವುದರಿಂದ ಯಂತ್ರ ಅವರನ್ನು ಗುರುತಿಸದಿರಬಹುದು. ಅಂಥವರಿಗೆ ಕಾರ್ಡಿನ ವ್ಯವಸ್ಥೆ ಇರಲೇಬೇಕು.

ಕೊನೆಯ ಕಂತು ಪಾವತಿಸುವ ಮುನ್ನ ಎರಡು ಪರೀಕ್ಷೆಗಳನ್ನು ಮಾಡಿಸಿ: ಮೇನ್ ಸ್ವಿಚ್ ಆರಿಸಿ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ನೋಡಿ, ಬ್ಯಾಟರಿ ಚಾಲನೆಯಲ್ಲಿರುವಾಗಲೇ ಅಗ್ನಿ ಎಚ್ಚರಿಕೆ ಮೊಳಗಿಸಿ. ಆಗ ಬಾಗಿಲು ತೆರೆಯದಿದ್ದರೆ ಕೆಲಸ ಮುಗಿದಿಲ್ಲವೆಂದೇ ತಿಳಿಯಿರಿ.