ಕೈತೋಟದ ಕರಬೂಜ ಮತ್ತು ಕಲ್ಲಂಗಡಿ: ಎಲೆಯ ತೊಂದರೆ ಹಾಗೂ ಕಾಯಿ ಕಟ್ಟದಿರುವ ಕಾರಣಗಳನ್ನು ಗುರುತಿಸುವ ವಿಧಾನ

ರಾಜ್ಯದ ಬಯಲುಸೀಮೆಯಲ್ಲಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಬಿತ್ತಿದ ಕರಬೂಜ ಹಾಗೂ ಕಲ್ಲಂಗಡಿ ಬಳ್ಳಿಗಳು ಬೇಸಿಗೆಯಲ್ಲಿ ಹಣ್ಣು ನೀಡುತ್ತವೆ. ಹಿತ್ತಲು ಹಾಗೂ ತಾರಸಿಗಳಲ್ಲಿ ಇವುಗಳನ್ನು ಬೆಳೆಯುವವರಿಗೆ ಎಲೆ ಹಳದಿಯಾಗುವುದು ಮತ್ತು ಹೂ ಬಿಟ್ಟರೂ ಕಾಯಿ ನಿಲ್ಲದಿರುವುದು ಸಾಮಾನ್ಯವಾಗಿ ಎದುರಾಗುವ ತೊಂದರೆಗಳು. ಕಾರಣ ತಿಳಿಯದೆ ಕೀಟನಾಶಕ ಸಿಂಪಡಿಸಿದಲ್ಲಿ ಪರಾಗಸ್ಪರ್ಶ ಮಾಡುವ ಜೇನುನೊಣಗಳು ಸತ್ತು ಕಾಯಿ ಕಟ್ಟುವುದು ಮತ್ತಷ್ಟು ಕಡಿಮೆಯಾಗುತ್ತದೆ. ಮನೆಮಂದಿ ಸೇವಿಸುವ ಹಣ್ಣಿನಲ್ಲಿ ವಿಷದ ಅಂಶವೂ ಉಳಿಯಬಹುದು. ಆದುದರಿಂದ ಮೊದಲು ಪರೀಕ್ಷೆ, ನಂತರ ಉಪಚಾರ ಎಂಬ ಕ್ರಮವನ್ನು ಅನುಸರಿಸುವುದು ಅಗತ್ಯ.

1. ಪರೀಕ್ಷಿಸುವ ಕ್ರಮ

ಬಳ್ಳಿಯನ್ನು ಬೆಳಗಿನ ವೇಳೆ ಪರೀಕ್ಷಿಸತಕ್ಕದ್ದು. ಈ ಕೆಳಕಂಡ ಅಂಶಗಳನ್ನು ಗಮನಿಸಬೇಕು.
ಅ) ತೊಂದರೆ ಇರುವುದು ಬುಡದ ಹಳೆಯ ಎಲೆಗಳಲ್ಲಿಯೋ, ಕುಡಿಯ ಎಳೆಯ ಎಲೆಗಳಲ್ಲಿಯೋ?
ಆ) ಎಲೆಯ ಕೆಳಭಾಗದಲ್ಲಿ ಬೂಜು ಅಥವಾ ಕೀಟಗಳಿವೆಯೇ?
ಇ) ಮಧ್ಯಾಹ್ನ ಬಾಡಿದ ಬಳ್ಳಿಯು ಸಂಜೆಗೆ ಚೇತರಿಸಿಕೊಳ್ಳುತ್ತದೆಯೇ? ಚೇತರಿಸಿಕೊಂಡಲ್ಲಿ ಅದು ಸಾಮಾನ್ಯವಾಗಿ ಬಿಸಿಲಿನ ಪರಿಣಾಮವಾಗಿರುತ್ತದೆ.

2. ಎಲೆಯಲ್ಲಿ ಕಾಣುವ ಲಕ್ಷಣಗಳು ಮತ್ತು ಕಾರಣಗಳು

ಬಿಳಿ ಹಿಟ್ಟು ಚೆಲ್ಲಿದಂತಹ ಮಚ್ಚೆ: ಇದು ಬೂದಿ ರೋಗ. ಒಣಹವೆಯಲ್ಲಿಯೂ ಹರಡುತ್ತದೆ. ರೋಗ ತಗುಲಿದ ಹಳೆಯ ಎಲೆಗಳನ್ನು ಆರಂಭದಲ್ಲಿಯೇ ಕಿತ್ತು ದೂರ ಹಾಕಬೇಕು. ಕರಬೂಜದ ಎಲೆಗಳು ಗಂಧಕದಿಂದ ಸುಡುವ ಸಂಭವವಿರುವುದರಿಂದ ಬೇಸಿಗೆಯ ತಾಪದಲ್ಲಿ ಗಂಧಕವನ್ನು ಬಳಸಬಾರದು.

ನರಗಳ ನಡುವೆ ಕೋನಾಕಾರದ ಹಳದಿ ಮಚ್ಚೆ, ಕೆಳಭಾಗದಲ್ಲಿ ಬೂದು ಬಣ್ಣದ ಬೂಜು: ಇದು ಬೂಜು ತುಪ್ಪಟ ರೋಗ. ಎಲೆಯ ಮೇಲೆ ತೇವ ನಿಲ್ಲುವುದೇ ಇದಕ್ಕೆ ಅನುಕೂಲ. ನೀರನ್ನು ಎಲೆಗೆ ಎರಚದೆ ಬುಡಕ್ಕೆ ಮಾತ್ರ ಹಾಕಬೇಕು.

ರಂಗೋಲಿಯ ಎಳೆಯಂತಹ ಬಿಳಿ ಗೆರೆಗಳು: ಇದು ರಂಗೋಲಿ ಹುಳುವಿನ ಬಾಧೆ. ನೋಡಲು ಭೀಕರವೆನಿಸಿದರೂ ಕೆಲವೇ ಎಲೆಗಳಿಗೆ ಸೀಮಿತವಾಗಿದ್ದಲ್ಲಿ ಇಳುವರಿಗೆ ಹೆಚ್ಚಿನ ಹಾನಿಯಿಲ್ಲ. ಆ ಎಲೆಗಳನ್ನು ತೆಗೆದರೆ ಸಾಕು.

ಎಳೆಯ ಸಸಿಯ ಎಲೆಗಳಲ್ಲಿ ರಂಧ್ರ: ಇದಕ್ಕೆ ಸಾಮಾನ್ಯವಾಗಿ ಕುಂಬಳದ ಕೆಂಪು ದುಂಬಿ ಕಾರಣ. ಬೆಳಗಿನ ತಂಪಿನಲ್ಲಿ ಕೈಯಿಂದ ಹಿಡಿದು ನಾಶಪಡಿಸಬಹುದು.

ಎಲೆ ಮುದುಡಿ, ತಿಳಿ ಮತ್ತು ಕಡು ಹಸಿರಿನ ಮಚ್ಚೆ ಕಾಣುವುದು ಅಥವಾ ಕುಡಿ ಕಪ್ಪಾಗಿ ಒಣಗುವುದು: ಇವು ನಂಜು ರೋಗದ ಲಕ್ಷಣಗಳು. ಸಸ್ಯಹೇನು, ಬಿಳಿ ನೊಣ ಹಾಗೂ ಥ್ರಿಪ್ಸ್ ನುಸಿಗಳಿಂದ ಹರಡುತ್ತವೆ. ನಂಜು ತಗುಲಿದ ಬಳ್ಳಿಯನ್ನು ಗುಣಪಡಿಸುವ ಔಷಧಿ ಇಲ್ಲ. ಉಳಿದ ಬಳ್ಳಿಗಳ ರಕ್ಷಣೆಗಾಗಿ ಅದನ್ನು ಕೂಡಲೇ ಕಿತ್ತು ನಾಶಪಡಿಸತಕ್ಕದ್ದು.

ಸಂಜೆಗೂ ಚೇತರಿಸದ ಬಾಡುವಿಕೆ: ಬುಡದ ಕಾಂಡವನ್ನು ಸೀಳಿ ನೋಡಬೇಕು. ಒಳಗೆ ಕಂದು ಗೆರೆಗಳಿದ್ದಲ್ಲಿ ಸೊರಗು ರೋಗವೆಂದು ಶಂಕಿಸಬಹುದು. ಅದೇ ಮಣ್ಣಿನಲ್ಲಿ ಮತ್ತೆ ಇದೇ ಬೆಳೆ ಬೆಳೆಯಬಾರದು.

ಹಳೆಯ ಎಲೆಗಳು ಹಳದಿಯಾಗುವುದು: ಇಡೀ ಎಲೆ ಸಮನಾಗಿ ಹಳದಿಯಾದಲ್ಲಿ ಸಾರಜನಕದ ಕೊರತೆಯಿರಬಹುದು. ನರಗಳು ಹಸಿರಾಗಿ ಉಳಿದು ನಡುವೆ ಮಾತ್ರ ಹಳದಿಯಾದಲ್ಲಿ ಮೆಗ್ನೀಷಿಯಂ ಕೊರತೆಯಿರಬಹುದು; ಪ್ರತಿ ಲೀಟರ್ ನೀರಿಗೆ 5 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಬೆರೆಸಿ ಸಿಂಪಡಿಸಬಹುದು. ಕುಡಿಯ ಎಲೆಗಳಲ್ಲಿ ಇದೇ ಲಕ್ಷಣ ಕಂಡಲ್ಲಿ ಕಬ್ಬಿಣದ ಕೊರತೆಯನ್ನು ಶಂಕಿಸಬೇಕು.

3. ಹೂ ಬಿಟ್ಟರೂ ಕಾಯಿ ಕಟ್ಟದಿರಲು ಕಾರಣಗಳು

ಬಳ್ಳಿಯಲ್ಲಿ ಮೊದಲು ಗಂಡು ಹೂಗಳು ಮಾತ್ರ ಅರಳುತ್ತವೆ. ಇವು ಉದುರುವುದು ಸಹಜವಾದುದರಿಂದ ಆತಂಕ ಬೇಡ. ಒಂದೆರಡು ವಾರಗಳ ನಂತರ ಕಾಯಿ ಕಟ್ಟುವ ಹೂಗಳು ಬರುತ್ತವೆ. ಹೂವಿನ ಬುಡದಲ್ಲಿರುವ ಪುಟ್ಟ ಹೀಚಿನಿಂದ ಇವುಗಳನ್ನು ಗುರುತಿಸಬಹುದು. ಕರಬೂಜದಲ್ಲಿ ಇವು ಹೆಚ್ಚಾಗಿ ಪಕ್ಕದ ಕವಲುಗಳಲ್ಲಿ ಬರುವುದರಿಂದ ಕವಲುಗಳನ್ನೆಲ್ಲ ಚಿವುಟಬಾರದು.

ಹೀಚು ಹಳದಿಯಾಗಿ ಕೆಲವೇ ದಿನಗಳಲ್ಲಿ ಉದುರಿದಲ್ಲಿ ಪರಾಗಸ್ಪರ್ಶವಾಗಿಲ್ಲವೆಂದು ಶಂಕಿಸಬೇಕು. ಎತ್ತರದ ತಾರಸಿಗಳಿಗೆ ಜೇನುನೊಣಗಳು ಕಡಿಮೆ ಬರಬಹುದು. ಅಂತಹ ಸಂದರ್ಭದಲ್ಲಿ ಬೆಳಿಗ್ಗೆ 6ರಿಂದ 10 ಗಂಟೆಯೊಳಗೆ ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು, ದಳಗಳನ್ನು ತೆಗೆದು, ಅದರ ಪರಾಗವನ್ನು ಕಾಯಿ ಕಟ್ಟುವ ಹೂವಿನ ನಡುಭಾಗಕ್ಕೆ ಮೃದುವಾಗಿ ಸವರಬೇಕು. ಹೂ ಒಂದು ದಿನ ಮಾತ್ರ ಅರಳಿರುವುದರಿಂದ ಈ ಕಾರ್ಯವನ್ನು ಮುಂದೂಡುವಂತಿಲ್ಲ.

ಬಳ್ಳಿ ಹುಲುಸಾಗಿ ಬೆಳೆದು ಕಾಯಿ ಕಟ್ಟುವ ಹೂಗಳೇ ಬಾರದಿದ್ದಲ್ಲಿ ಸಾರಜನಕ ಹೆಚ್ಚಾಗಿರಬಹುದು, ಯೂರಿಯಾ ನಿಲ್ಲಿಸಬೇಕು. ನೆರಳು ಹಾಗೂ ಅತಿಯಾದ ಉಷ್ಣಾಂಶವೂ ಇದಕ್ಕೆ ಕಾರಣವಾಗಬಹುದು.

ಹೀಚಿನ ಮೇಲೆ ಚುಚ್ಚಿದ ಗುರುತು, ಒಳಗೆ ಬಿಳಿ ಹುಳು ಕಂಡಲ್ಲಿ ಅದು ಹಣ್ಣಿನ ನೊಣದ ಬಾಧೆ. ಕೊಳೆತ ಕಾಯಿಗಳನ್ನು ಆಯ್ದು ನಾಶಪಡಿಸಿ, ಕ್ಯೂ ಲ್ಯೂರ್ ಮೋಹಕ ಬಲೆ ಕಟ್ಟಬೇಕು. ಮಾವಿಗೆ ಬಳಸುವ ಮೀಥೈಲ್ ಯೂಜಿನಾಲ್ ಬಲೆಯಿಂದ ಈ ನೊಣ ಹತೋಟಿಗೆ ಬರುವುದಿಲ್ಲ.

ಪಕ್ಕದಲ್ಲಿ ಸೌತೆ ಬಳ್ಳಿಯಿದ್ದರೆ ಹಣ್ಣು ಸಪ್ಪೆಯಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಹಣ್ಣು ಮಾಗುವಾಗ ಅತಿಯಾಗಿ ನೀರು ಕೊಡುವುದು ಮತ್ತು ರೋಗದಿಂದ ಎಲೆಗಳು ನಷ್ಟವಾಗುವುದು ಸಪ್ಪೆಯಾಗಲು ಮುಖ್ಯ ಕಾರಣಗಳು.

4. ಸಿಂಪಡಣೆಯಲ್ಲಿ ವಹಿಸಬೇಕಾದ ಎಚ್ಚರಿಕೆ

ರಸ ಹೀರುವ ಕೀಟಗಳಿಗೆ ಮೊದಲು ಬೇವಿನ ಬೀಜದ ಕಷಾಯವನ್ನು ಬಳಸುವುದು ಸೂಕ್ತ. 50 ಗ್ರಾಂ ಬೀಜದ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸಾಬೂನು ಬೆರೆಸಿ ಬಳಸಬೇಕು. ಯಾವುದೇ ಸಿಂಪಡಣೆಯನ್ನು ಹೂ ಮುಚ್ಚಿದ ನಂತರ ಸಂಜೆಯ ವೇಳೆಯಲ್ಲಿ ಮಾತ್ರ ಕೈಗೊಳ್ಳತಕ್ಕದ್ದು.

5. ತಜ್ಞರ ಸಲಹೆ ಪಡೆಯುವ ಬಗ್ಗೆ

ಕಾರಣ ಸ್ಪಷ್ಟವಾಗದಿದ್ದಲ್ಲಿ ರೋಗದ ಆರಂಭ ಹಾಗೂ ಮುಂದುವರಿದ ಹಂತಗಳನ್ನು ತೋರಿಸುವ ನಾಲ್ಕೈದು ಎಲೆಗಳನ್ನು, ಒಂದು ಆರೋಗ್ಯಕರ ಎಲೆಯೊಂದಿಗೆ, ಒಣ ಕಾಗದದಲ್ಲಿ ಸುತ್ತಿ ಅದೇ ದಿನ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಗೆ ತರಬಹುದು. ಒದ್ದೆಯಾದ ಪ್ಲಾಸ್ಟಿಕ್ ಚೀಲದಲ್ಲಿ ತಂದ ಎಲೆ ಕೊಳೆಯುವುದರಿಂದ ರೋಗ ಗುರುತಿಸಲು ಕಷ್ಟವಾಗುತ್ತದೆ. ಬಿತ್ತನೆಯ ದಿನಾಂಕ, ತಳಿ, ಹಾಕಿದ ಗೊಬ್ಬರ ಮತ್ತು ಸಿಂಪಡಿಸಿದ ಔಷಧಿಯ ವಿವರಗಳನ್ನು ಬರೆದು ತರುವುದು. ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ದೂರವಾಣಿ 1800-180-1551ರಲ್ಲಿ ಕನ್ನಡದಲ್ಲಿಯೂ ಸಲಹೆ ಪಡೆಯಬಹುದಾಗಿದೆ.