ಬುರುಡೆ ಅಂಗಿಯವನೂ ಗುಬ್ಬಿಯ ಕಳ್ಳನೂ

ಯುಗಾದಿಗೆ ಅಕ್ಕನ ಮನೆಗೆ ಹೋಗಿದ್ದೆ. ಗುಬ್ಬಿ ತಾಲ್ಲೂಕು, ನಿಟ್ಟೂರಿನ ಕಡೆ. ಬಿದರೆಹಳ್ಳ ಕಾವಲ್ ಅಂದರೆ ಈಗ ಬೆಂಗಳೂರಿನವರಿಗೂ ಗೊತ್ತು, ಎಚ್‌ಎಎಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿ ಇರೋ ಜಾಗ. 615 ಎಕರೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು, 2023ರ ಫೆಬ್ರವರಿ 6ಕ್ಕೆ ಉದ್ಘಾಟನೆ. ಕಾವಲ್ ಅಂದರೆ ದನಕರು ಮೇಯಲಿ ಅಂತ ಕಾಯ್ದಿಟ್ಟ ಹುಲ್ಲುಗಾವಲು. ಹೆಸರು ಹಳೇದು, ಒಳಗೆ ನಡೆಯೋ ಕೆಲಸ ಹೊಸದು.

ಅಕ್ಕನ ಮಗ ಏಳನೇ ಕ್ಲಾಸು. ಹಬ್ಬದ ದಿನ ಎಣ್ಣೆಸ್ನಾನ ಮಾಡಿ, ತುಮಕೂರಿನಿಂದ ತಂದ ಹೊಸ ಕರಿ ಟೀಶರ್ಟ್ ಹಾಕ್ಕೊಂಡು ಬಂದ. ಎದೆ ತುಂಬ ದೊಡ್ಡ ಬಿಳಿ ಬುರುಡೆ. ಹಲ್ಲುಗಳು ಉದ್ದಕ್ಕೆ ಹೊಟ್ಟೆಯವರೆಗೂ ಇಳಿದಿವೆ.

"ದೇವರ ಮುಂದೆ ಬುರುಡೆ ಅಂಗಿ ಹಾಕ್ಕೊಂಡು ನಿಂತವನೆ, ಒಂದು ಮಾತು ಹೇಳೋ ಇವನಿಗೆ," ಅಂದಳು ಅಕ್ಕ.

"ಇದು ಯಾರದು ಗೊತ್ತೇನ್ಲಾ?" ಅಂದೆ.

"ಯಾರದು ಅಂದ್ರೆ? ಡಿಸೈನು ಮಾಮ."

ಬುರುಡೆಯ ಒಡೆಯನ ಕಥೆ ಹೇಳದೆ ನನಗೆ ಹೋಳಿಗೆ ಇಳಿಯೋ ಹಾಗಿರಲಿಲ್ಲ.

1974ರಲ್ಲಿ ಅಮೆರಿಕದ ಮಾರ್ವೆಲ್ ಕಂಪನಿಯ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಸರಣಿಯ 129ನೇ ಸಂಚಿಕೆಯಲ್ಲಿ ಪನಿಶರ್ ಅನ್ನುವವನು ಮೊದಲ ಸಲ ಕಾಣಿಸಿಕೊಂಡ. ಬಂದಿದ್ದು ಸ್ಪೈಡರ್‌ಮ್ಯಾನನ್ನ ಕೊಲ್ಲೋಕೆ. ಕಥೆ ಬರೆದವರು ಗೆರ‍್ರಿ ಕಾನ್ವೇ. ಫ್ರಾಂಕ್ ಕ್ಯಾಸಲ್ ಸೈನ್ಯದಲ್ಲಿದ್ದವನು, ವಿಯೆಟ್ನಾಂ ಯುದ್ಧ ಕಂಡವನು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹೆಂಡತಿ ಮಕ್ಕಳು ಗ್ಯಾಂಗ್‌ಸ್ಟರ್‌ಗಳ ಗುಂಡಿಗೆ ಸತ್ತ ಮೇಲೆ ಒಬ್ಬನೇ ಬಂದೂಕು ಹಿಡಿದು ಹೊರಟ. ಹಾರೋ ಶಕ್ತಿ ಇಲ್ಲ, ಜೇಡ ಕಚ್ಚಿಲ್ಲ, ಜೊತೆಗೆ ತಂಡ ಅಂತ ಇಲ್ಲ. ಕೋರ್ಟು, ಜೈಲು ಯಾವುದನ್ನೂ ನಂಬಲ್ಲ. ಅವನಿಗೇ ಅಂತ ಒಂದು ಕಿರುಸರಣಿ ಬರೋಕೆ 1986ರವರೆಗೆ ಕಾಯಬೇಕಾಯಿತು. ಮರುವರ್ಷದಿಂದ ನಿರಂತರ ಸರಣಿಯೇ ಶುರುವಾಯಿತು.

ಆಮೇಲೆ ಆ ಬುರುಡೆ ಕಾಮಿಕ್ಸ್ ಪುಟದಿಂದ ಇಳಿದು ತನ್ನ ಪಾಡಿಗೆ ತಾನು ತಿರುಗೋಕೆ ಶುರು ಮಾಡಿತು. ಸೈನಿಕರ ಬಟ್ಟೆ ಮೇಲೆ, ಅಮೆರಿಕದ ಕೆಲವು ಪೊಲೀಸ್ ಕಾರುಗಳ ಮೇಲೆ. ಕಾನ್ವೇಗೆ ಇದು ಸರಿಬರಲಿಲ್ಲ. ಕಾನೂನು ಸೋತುಹೋದ ಕಡೆ ಹುಟ್ಟಿದ ಪಾತ್ರವನ್ನು ಕಾನೂನು ಕಾಯುವವರೇ ಎದೆಗೆ ಅಂಟಿಸಿಕೊಂಡರೆ ಹೇಗೆ ಅನ್ನೋದು ಅವರ ತಕರಾರು. 2019ರ ಸಂಚಿಕೆಯೊಂದರಲ್ಲಿ ಪನಿಶರನೇ ಪೊಲೀಸ್ ಕಾರಿನ ಮೇಲಿನ ತನ್ನ ಬುರುಡೆ ಸ್ಟಿಕ್ಕರನ್ನ ಹರಿದು ಹಾಕ್ತಾನೆ. ಆದರೂ ಅದು ತುಮಕೂರಿಗೆ ಬರುವ ಹೊತ್ತಿಗೆ ಬರೀ ಡಿಸೈನು.

ಹುಡುಗ ಹೋಳಿಗೆ ತಿನ್ನೋದು ನಿಲ್ಲಿಸಿ ಕೇಳಿಸಿಕೊಂಡ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. "ಕನ್ನಡದಲ್ಲಿ ಇಂಥವನು ಯಾರೂ ಇಲ್ವಾ ಮಾಮ?"

ಇಲ್ಲ ಅಂತ ಬಾಯಿಗೆ ಬಂತು. ಹೇಳೋಕೆ ಮನಸ್ಸಾಗಲಿಲ್ಲ, ಯಾಕೆಂದರೆ ಕೂತಿದ್ದು ಗುಬ್ಬಿ ಸೀಮೆಯಲ್ಲಿ. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯ ಊರು ಇದು. ಆ ಕಂಪನಿಯ 'ಸದಾರಮೆ' ನಾಟಕದಲ್ಲಿ ಒಬ್ಬ ರಾಜಕುಮಾರ ಇದ್ದಾನೆ. ಜನ ಟಿಕೆಟ್ ಕೊಂಡು ನೋಡೋಕೆ ಬರ್ತಿದ್ದದ್ದು ಮಾತ್ರ ನಾಯಕಿಯನ್ನ ಹೊತ್ತೊಯ್ಯೋ ಕಳ್ಳನನ್ನ. ಗುಬ್ಬಿ ವೀರಣ್ಣನವರ ಹೆಸರು ಹೇಳಿದರೆ ಇವತ್ತಿಗೂ ಮೊದಲು ನೆನಪಾಗೋದು ಆ ಕಳ್ಳನ ಪಾತ್ರ. ಉತ್ತರ ಕರ್ನಾಟಕದ ಕಂಪನಿಗಳು ಸಿಂಧೂರ ಲಕ್ಷ್ಮಣನನ್ನ ರಂಗದ ಮೇಲೆ ತಂದವು. ಬ್ರಿಟಿಷರ ಕಣ್ಣಿಗೆ ಡಕಾಯಿತ, ನೋಡಲು ಬಂದವರಿಗೆ ವೀರ. ಸಿನಿಮಾಕ್ಕೆ ಬಂದರೆ 1995ರ 'ಓಂ', 2018ರ 'ಕೆಜಿಎಫ್' ಸಾಕು. ತಪ್ಪು ದಾರಿಯ ಒಂಟಿ ಮನುಷ್ಯನನ್ನ ಪ್ರೀತಿಸೋದು ನಮಗೆ ಅಮೆರಿಕದವರು ಕಲಿಸಿದ್ದಲ್ಲ. ಒಂದು ವ್ಯತ್ಯಾಸ ಉಂಟು. ವೀರಣ್ಣನವರ ಕಳ್ಳನನ್ನ ನಾವು ನಗ್ತಾ ನಗ್ತಾ ಕ್ಷಮಿಸಿದೆವು. ಪನಿಶರ್ ನಗಿಸೋದೇ ಇಲ್ಲ.

ಹಾಗಾದರೆ ರಂಗದ ಮೇಲೆ, ಪರದೆ ಮೇಲೆ ಇರುವವನು ಚಿತ್ರಪುಸ್ತಕದಲ್ಲಿ ಯಾಕಿಲ್ಲ? ಬರೆಯೋ ಕೈ ಇರಲಿಲ್ಲ, ಕೊಳ್ಳೋರು ಇರಲಿಲ್ಲ ಅಂತ ನಾನೂ ಬಹಳ ವರ್ಷ ನಂಬಿದ್ದೆ. ಇತಿಹಾಸ ನೋಡಿದರೆ ಎರಡೂ ಸುಳ್ಳು.

1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗದವರು ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದರು. ಮೊದಲ ಸಂಚಿಕೆಯ ನಾಯಕ ಫ್ಯಾಂಟಮ್. ಮುಖವಾಡ, ತಲೆಬುರುಡೆಯ ಉಂಗುರ, ಕಾಡಿನ ಗುಹೆಯಲ್ಲಿ ಒಂಟಿ ವಾಸ. ಬುರುಡೆ ಅಂಗಿಯವನಿಗೆ ಅಜ್ಜನ ಸಮಾನ ಅನ್ನಿ, ಆದರೆ ಒಳ್ಳೆಯವನು. ಇಂದ್ರಜಾಲ ಕನ್ನಡದಲ್ಲೂ ಬಂತು. 'ಸುಧಾ' ವಾರಪತ್ರಿಕೆಯಲ್ಲೂ ಫ್ಯಾಂಟಮ್ ಬರ್ತಿದ್ದ. ನಮ್ಮ ಅಪ್ಪಂದಿರ ಪೀಳಿಗೆಗೆ ಅವನು ಕನ್ನಡದವನೇ.

ಮರುವರ್ಷ, 1965ರಲ್ಲಿ, ಇದಕ್ಕಿಂತ ದೊಡ್ಡ ಸಂಗತಿ ನಡೀತು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಸಿಂಡ್ರೆಲಾ, ಪಿನೋಕಿಯೋ ಥರದ ಹೊರಗಿನ ಕಥೆಗಳ ಹತ್ತು ಚಿತ್ರಪುಸ್ತಕಗಳು ಕನ್ನಡದಲ್ಲಿ ಬಂದವು. ಸರಣಿಯ ಹೆಸರು ಅಮರ ಚಿತ್ರ ಕಥೆ. ಚೆನ್ನಾಗಿ ಮಾರಾಟ ಆದವು. ಹಾಗಾಗಿಯೇ ಮುಂಬೈಯವರು ಇಂಗ್ಲಿಷಿನಲ್ಲಿ ಕೈ ಹಾಕಿದರು ಅಂತ ಅನಂತರಾಮ್ ಹೇಳ್ತಿದ್ದರು. ಸರಣಿಯನ್ನ ಕಟ್ಟಿ ಬೆಳೆಸಿದ ಕಾರ್ಕಳದ ಅನಂತ ಪೈ ಅವರ ನೆನಪು ಬೇರೆ. ದೆಹಲಿಯಲ್ಲಿ ಟಿವಿ ಕ್ವಿಜ್ ನೋಡ್ತಿದ್ದಾಗ ರಾಮನ ತಾಯಿಯ ಹೆಸರು ಮಕ್ಕಳಿಗೆ ಬರಲಿಲ್ಲ, ಅಲ್ಲಿಂದ ಹೊಳೆಯಿತು ಅನ್ನೋದು ಅವರ ಕಥೆ. ಎರಡರಲ್ಲಿ ಯಾವುದು ಸರಿ ಅಂತ ಜಗಳ ಬೇಡ. ಇಂಗ್ಲಿಷ್ ಅಮರ ಚಿತ್ರ ಕಥೆಯ ಮೊದಲ ಪುಸ್ತಕ 'ಕೃಷ್ಣ', ಅದರ ಸಂಖ್ಯೆ 11. ಮೊದಲ ಹತ್ತು ನಂಬರು ಕನ್ನಡಕ್ಕೆ ಹೋಗಿದ್ದವು. ಇಡೀ ದೇಶದ ಮಕ್ಕಳು ಓದಿದ ಸರಣಿ ಕನ್ನಡದ ಅಂಗಡಿಯಲ್ಲಿ ಬೋಣಿ ಆಗಿತ್ತು ಅನ್ನೋದಕ್ಕೆ ಆ 11 ಒಂದೇ ಸಾಕ್ಷಿ ಸಾಕು ನನಗೆ.

ನಮ್ಮ ಕಾಲಕ್ಕೆ 'ಬಾಲಮಂಗಳ'ದ ಡಿಂಗ ಇದ್ದ. ಹಾರಾಡೋ ಇಲಿ, ಸಾಕ್ಷಾತ್ ಸೂಪರ್‌ಹೀರೋ, ಮಲಯಾಳದಿಂದ ವಲಸೆ ಬಂದವನು. ಡಿಂಗನನ್ನ ಯಾರಾದರೂ ತಮಾಷೆ ಮಾಡಿದರೆ ನನಗೆ ಈಗಲೂ ಸಿಟ್ಟು ಬರುತ್ತೆ.

ಎರಡನೇ ಸಲ ಆಗಿದ್ದು ನಮ್ಮ ಕಣ್ಣೆದುರಿಗೇ, ನಮ್ಮಲ್ಲಿ ಎಷ್ಟೋ ಜನ ಬೆಂಗಳೂರಿಗೆ ಕೆಲಸಕ್ಕೆ ಬಂದ ಹೊತ್ತಿಗೇ. ಹುಡುಗನಿಗೆ ಹೀಗೆ ಕೇಳಿದೆ: "2023ರ ಸ್ಪೈಡರ್‌ಮ್ಯಾನ್ ಪಿಕ್ಚರಲ್ಲಿ ಪವಿತ್ರ್ ಪ್ರಭಾಕರ್ ಇದ್ದನಲ್ಲ, ಅವನನ್ನ ಮೊದಲು ಬರೆದವರು ಎಲ್ಲಿಯವರು ಹೇಳು?"

"ಬಾಂಬೆಯವರು."

ಬೆಂಗಳೂರಿನವರು ಕಣ್ಲಾ. ಗೋಥಮ್ ಕಾಮಿಕ್ಸ್‌ನವರು ಮಾರ್ವೆಲ್ ಜೊತೆ ಸೇರಿ 2004ರಲ್ಲಿ 'ಸ್ಪೈಡರ್‌ಮ್ಯಾನ್ ಇಂಡಿಯಾ' ಅಂತ ನಾಲ್ಕು ಸಂಚಿಕೆ ತಂದರು. ಪಂಚೆ ಉಟ್ಟ ಸ್ಪೈಡರ್‌ಮ್ಯಾನನ್ನ ಬರೆದವರು ಬೆಂಗಳೂರಿನ ಜೀವನ್ ಕಾಂಗ್. ಅದೇ ಗುಂಪಿನವರು 2006ರಲ್ಲಿ ರಿಚರ್ಡ್ ಬ್ರಾನ್ಸನ್ ಕಂಪನಿಯ ಜೊತೆಗೂಡಿ ವರ್ಜಿನ್ ಕಾಮಿಕ್ಸ್ ಕಟ್ಟಿದರು. ದೀಪಕ್ ಚೋಪ್ರಾ, ಶೇಖರ್ ಕಪೂರ್ ಕೂಡ ಜೊತೆಗಿದ್ದರು. ವ್ಯವಹಾರದ ಕಚೇರಿ ನ್ಯೂಯಾರ್ಕಿನಲ್ಲಿ, ಸ್ಟುಡಿಯೋ ಬೆಂಗಳೂರಿನಲ್ಲಿ. ಈ ಏರ್ಪಾಡು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ, ಹೌದು, ನಿಮ್ಮ ಆಫೀಸಿನದೂ ಇದೇ.

ಇಲ್ಲೇ ನೋಡಿ ಒಂಟಿ ಸೇಡಿನವರು ಸಿಕ್ಕೋದು. 'ದಿ ಸಾಧು', ಕಥೆ ಗೋಥಮ್ ಚೋಪ್ರಾ, ಚಿತ್ರ ಮತ್ತೆ ಜೀವನ್ ಕಾಂಗ್. ಜೇಮ್ಸ್ ಜೆನ್ಸನ್ ಅನ್ನೋ ಇಂಗ್ಲಿಷ್ ಸಿಪಾಯಿ ಸಂಸಾರ ಸಮೇತ ಇಂಡಿಯಾಕ್ಕೆ ಬರ್ತಾನೆ, ಬದುಕು ನುಚ್ಚುನೂರಾಗುತ್ತೆ, ಹಿಂದಿನ ಜನ್ಮದಲ್ಲಿ ತಾನು ಸಿದ್ಧಿ ಪಡೆದ ಸಾಧು ಅಂತ ಗೊತ್ತಾಗುತ್ತೆ. ಆ ಶಕ್ತಿಯನ್ನ ಸೇಡಿಗೆ ಬಳಸಬೇಕೋ ಮೋಕ್ಷಕ್ಕೋ ಅನ್ನೋದು ಇಡೀ ಸರಣಿಯ ತೊಳಲಾಟ. ಪನಿಶರನಿಗೆ ಇಲ್ಲದ ತೊಳಲಾಟ ಇದು, ಅವನು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಾನೆ. ಕಥೆ ಹಲವು ಕಡೆ ಜಾಳು ಅನ್ನೋದನ್ನೂ ಒಪ್ಪಿಕೊಳ್ತೀನಿ. ಆದರೆ ಆ ಪ್ರಶ್ನೆ ಮಾತ್ರ ನಮ್ಮದು. ವಾಲ್ಮೀಕಿಯಾಗೋಕೆ ಮುಂಚಿನ ಬೇಡನ ಕಥೆ ಕೇಳಿ ಬೆಳೆದವರಿಗೆ ಅದನ್ನ ಬಿಡಿಸಿ ಹೇಳಬೇಕಿಲ್ಲ.

2007ರಲ್ಲಿ ಇಂಗ್ಲೆಂಡಿನ ಸಿನಿಮಾ ನಿರ್ದೇಶಕ ಗೈ ರಿಚಿ ಹೆಸರಿನಲ್ಲಿ 'ಗೇಮ್‌ಕೀಪರ್' ಬಂತು. ಬರೆದವರು ಆ್ಯಂಡಿ ಡಿಗಲ್, ಚಿತ್ರ ಮುಕೇಶ್ ಸಿಂಗ್. ಸ್ಕಾಟ್ಲೆಂಡಿನ ಎಸ್ಟೇಟೊಂದರ ಕಾಡು ಕಾಯುವ ಬ್ರಾಕ್ ಅನ್ನೋ ಮಾತು ಕಮ್ಮಿ ಮನುಷ್ಯ, ಯಜಮಾನನನ್ನ ಕೊಂದವರ ಬೆನ್ನು ಹತ್ತಿ ಪಟ್ಟಣಕ್ಕೆ ಇಳೀತಾನೆ. ಕಾವಲಿನವನು ಅಂತಲೇ ಕನ್ನಡ ಮಾಡಬಹುದು.

2008ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಕಚೇರಿ ಮುಚ್ಚಿತು. ಆಡಳಿತದಲ್ಲಿದ್ದವರೇ ಕಂಪನಿ ಕೊಂಡು ಲಿಕ್ವಿಡ್ ಕಾಮಿಕ್ಸ್ ಅಂತ ಹೆಸರಿಟ್ಟರು. ಎರಡು ವರ್ಷದ ಚಿಲ್ಲರೆ ಆಟ.

ನನಗೆ ಸಂಕಟ ಆಗೋದು ಕಂಪನಿ ಮುಚ್ಚಿದ್ದಕ್ಕಲ್ಲ. ಕಬ್ಬನ್ ಪಾರ್ಕಿನ ಮಳೆಯನ್ನೇ ನೋಡಿಕೊಂಡು ಬೆಂಗಳೂರಿನ ಕೈಗಳು ಲಂಡನ್ನಿನ ಮಳೆ ಬರೆದಿರಬಹುದು. ಬರೆದ ಪುಟ ಮಾತ್ರ ಇಂಗ್ಲಿಷಿನಲ್ಲೇ ಹುಟ್ಟಿ, ಇಂಗ್ಲಿಷ್ ಓದೋರನ್ನೇ ಹುಡುಕಿಕೊಂಡು ಹೋಯಿತು. 1965ರಲ್ಲಿ ಕಥೆ ಹೊರಗಿನದು, ಭಾಷೆ ನಮ್ಮದಾಗಿತ್ತು. 2006ರಲ್ಲಿ ಕೈ ನಮ್ಮೂರಿನದು, ಪ್ರಶ್ನೆ ನಮ್ಮದು, ಭಾಷೆಯೊಂದೇ ಬಿಟ್ಟುಹೋಯಿತು. ಮಾರಾಟ ಆಗಲ್ಲ ಅಂತ ಯಾರೋ ಲೆಕ್ಕ ಹಾಕಿರ್ತಾರೆ. ಅನಂತರಾಮ್ ಅವರಿಗೂ ಹಾಗೆ ಹೇಳಿದವರು ಇದ್ದೇ ಇರ್ತಾರೆ.

ಮುಂದಿನ ಸಲ ಊರಿಗೆ ಹೋದಾಗ, ಹಳೇ ಪುಸ್ತಕದಂಗಡಿಯಲ್ಲಿ ಎಂದೋ ಕೊಂಡಿಟ್ಟಿದ್ದ 'ಸಾಧು' ಸಂಚಿಕೆಗಳನ್ನ ಹುಡುಗನಿಗೆ ಕೊಟ್ಟೆ. ಅರ್ಧ ಗಂಟೆ ಬರೀ ಚಿತ್ರ ನೋಡಿದ. ಆಮೇಲೆ ನನ್ನನ್ನ ಕೂರಿಸಿಕೊಂಡು ಒಂದೊಂದು ಬಲೂನಿನ ಮಾತನ್ನೂ ಕನ್ನಡದಲ್ಲಿ ಹೇಳಿಸಿ, ಚೀಟಿ ಮೇಲೆ ಬರೆದು, ಗಮ್ ಹಚ್ಚಿ ಅಂಟಿಸೋಕೆ ಶುರು ಮಾಡಿದ. ಬ್ರಿಟಿಷ್ ಅಧಿಕಾರಿ "ಯಾಕ್ಲಾ ಬಂದೆ ಇಲ್ಲಿಗೆ" ಅಂತಾನೆ. ಅದನ್ನ ಬದಲಾಯಿಸಬೇಡ ಅಂದೆ.

ತೊಂದರೆ ಬಂದಿದ್ದು ಬೇರೆ ಕಡೆ. ಇಂಗ್ಲಿಷಿಗೆ ಅಳತೆ ಮಾಡಿ ಬರೆದ ಬಲೂನು, ಕನ್ನಡದ ಒತ್ತಕ್ಷರ ಕೆಳಕ್ಕೆ ಇಳೀತವೆ, ಸಾಲು ಹಿಡಿಸಲ್ಲ. ಚೀಟಿ ದೊಡ್ಡದಾಗಿ ಜೆನ್ಸನ್‌ನ ಅರ್ಧ ಮುಖ ಮುಚ್ಚಿಹೋಯಿತು. "ಮಾತು ಕಮ್ಮಿ ಮಾಡು ಮಾಮ," ಅಂದ. ಕಮ್ಮಿ ಮಾಡಿದೆ. ಕತ್ತಲಾಗೋ ಹೊತ್ತಿಗೆ ಆರು ಪುಟ ಮುಗಿದಿತ್ತು.